ಯಂತ್ರ ದಾಟಿಸುವವರು

ಸಂಪಂಗಪ್ಪನ ಮನೆಯ ಮಹಡಿ ಮೆಟ್ಟಿಲಿನ ಕಟಕಟೆಗೆ ಆಗಷ್ಟೇ ಪಾಲಿಶ್ ಹೊಡೆಸಿದ್ದರು. ಅದಕ್ಕೆ ಬೆಲ್ಟು ಸುತ್ತಿದರೆ ಗೀರು ಬೀಳುತ್ತದೆ, ಸುತ್ತಬೇಡಿ ಅಂದರು. ನನ್ನಪ್ಪನ ಎದೆಯ ಮೇಲೆ ನೂರಹದಿನೈದು ಕೆಜಿ ತೂಕದ, ಗುಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಯಂತ್ರ ಬಂದು ಕೂತದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇಲ್ಲ. ಬೇರೆ ಏನಾದರೂ ಇದ್ದೀತೆಂದು ನಾನೂ ಬಹಳ ಹುಡುಕಿದೆ. ಇಲ್ಲ. ಪಾಲಿಶ್, ಅಷ್ಟೇ.

ಯಂತ್ರವನ್ನು ಮೆಟ್ಟಿಲು ಹತ್ತಿಸುವುದಕ್ಕೆ ಒಂದು ಕ್ರಮ ಇದೆ. ಮೊದಲು ಮೇಲಿನ ಗಾಜು ಸರಿಸಿ ಒಳಗಿನ ಉಕ್ಕಿನ ಗುಂಡುಗಳನ್ನು ತೆಗೆದಿಡಬೇಕು, ಇಲ್ಲದಿದ್ದರೆ ಅವು ಒಳಗೇ ಉರುಳಾಡಿ ಸಿಕ್ಕಿದ್ದನ್ನೆಲ್ಲ ಪುಡಿ ಮಾಡುತ್ತವೆ. ಆಮೇಲೆ ಹಿಂದುಗಡೆ ನೆಟ್ಟಗೆ ನಿಂತ ತಲೆಪೆಟ್ಟಿಗೆಯ ಕೊಂಡಿ ಬಿಚ್ಚಿ, ಅದನ್ನು ಮೈಮೇಲೆ ಮಡಚಿ, ನಡುವೆ ಕಂಬಳಿ ಇಟ್ಟು ಕಟ್ಟಬೇಕು. ಭಾರ ಎತ್ತುವ ಜಾಕಿಗಾಡಿಯನ್ನು ಯಂತ್ರದ ಹೊಟ್ಟೆಯಡಿಗೆ ತಳ್ಳಿ ಪೆಡಲ್ ತುಳಿದರೆ ಅದು ನೆಲ ಬಿಟ್ಟು ಮೇಲೇಳುತ್ತದೆ. ಆಗ ಕಾಲುಗಳನ್ನು ಬಿಚ್ಚಬೇಕು. ಕಾಲಿಲ್ಲದ ಯಂತ್ರವನ್ನು ಎರಡು ಗಾಲಿಯ ಟ್ರಾಲಿಗೆ ನಿಲ್ಲಿಸಿ ಬಿಗಿದ ಮೇಲೆ ಒಬ್ಬ ಮೇಲಿನಿಂದ ಎಳೆಯಬೇಕು, ಇನ್ನೊಬ್ಬ ಕೆಳಗಿನಿಂದ ಆನಿಸಿಕೊಳ್ಳಬೇಕು. ಟ್ರಾಲಿಯ ಬೆಲ್ಟು ಕಟಕಟೆಯ ಕಂಬಕ್ಕೆ ಒಂದು ಸುತ್ತು ಬಂದಿರಬೇಕು. ಕಾಲು ಜಾರಿದರೂ ಕೈ ಸೋತರೂ ಆಗ ಹಿಡಿಯುವುದು ಆ ಬೆಲ್ಟೇ.

ಕೆಳಗಿನ ಜಾಗ ಅಪ್ಪನದು. ಮೂವತ್ತು ವರ್ಷ ಅವನದೇ. ಆವತ್ತು ಮೇಲಿದ್ದವನು ನಾನು. ಏಳನೆಯ ಮೆಟ್ಟಿಲಿನಲ್ಲಿ ಗಾಲಿ ಅಂಚು ತಪ್ಪಿತು. ನನ್ನ ಕೈ ಸಾಕಾಗಲಿಲ್ಲ.

ಕಾಯಿಲೆ ಕಸಾಲೆಗೆಂದು ಆ ಯಂತ್ರವನ್ನು ಮೇಲೆ ಸಾಗಿಸುತ್ತಿದ್ದೆವು ಅಂದುಕೊಳ್ಳಬೇಡಿ. ಸಂಪಂಗಪ್ಪನ ಮಕ್ಕಳು ಮಹಡಿಯಲ್ಲಿ ಆಡಿಕೊಳ್ಳಲಿ ಎಂದು. ಕೆಳಗೆ ಅಪ್ಪ ಯಂತ್ರದಡಿ ಬಾಯಿ ತೆರೆದು ಬಿದ್ದಿದ್ದರೆ ಸಂಪಂಗಪ್ಪ ಹಜಾರದಿಂದ ಓಡಿ ಬಂದು ಕೇಳಿದ ಮೊದಲ ಮಾತು, “ಗಾಜು ಒಡೀತೇನಯ್ಯ?”

ನಮ್ಮೂರಲ್ಲಿ ಯಂತ್ರ ಇರುವ ಕೋಣೆಯಲ್ಲಿ ಯಾರೂ ಸಾಯುವುದಿಲ್ಲ. ಬೇರೆ ಊರಿನವರು ಇದನ್ನು ಕೇಳಿ ಯಾಕೆ ಅನ್ನುತ್ತಾರೆ. ಅನ್ನಲಿ. ಊರಿನ ಹಳೆಯ ಮನೆಗಳಲ್ಲಿ ಒಟ್ಟು ಮೂವತ್ತೆರಡು ಯಂತ್ರಗಳಿವೆ, ಹೊಸದು ಬರುವುದಿಲ್ಲ. ಮಗುವಿಗೆ ಜ್ವರ ಏರಿದರೆ ಹಜಾರದ ಯಂತ್ರವನ್ನು ಮಗುವಿನ ಕೋಣೆಗೆ ಸಾಗಿಸುತ್ತಾರೆ, ಜ್ವರ ಇಳಿದ ಮೇಲೆ ಹಜಾರಕ್ಕೆ ತಂದು ಮತ್ತೆ ಆಡುತ್ತಾರೆ. ಮನೆಯ ಹಿರಿಯರು ಹಾಸಿಗೆ ಹಿಡಿದರೆ ಮಂಚದ ಪಕ್ಕಕ್ಕೆ ತಂದು ನಿಲ್ಲಿಸುತ್ತಾರೆ. ಅಲ್ಲಿ ಅದು ಒಂದು ವರ್ಷ ನಿಲ್ಲಬಹುದು, ಹತ್ತು ವರ್ಷ ನಿಲ್ಲಬಹುದು. ಕೊನೆಗೆ ಒಂದು ದಿನ ಮನೆಯವರೆಲ್ಲ ಕೂತು ಮಾತಾಡುತ್ತಾರೆ. ಮಾತು ಮುಗಿದ ಮೇಲೆ ನಮಗೆ ಹೇಳಿಕಳಿಸುತ್ತಾರೆ. ನಾವು ಹೋಗಿ ಯಂತ್ರವನ್ನು ಹೊಸ್ತಿಲು ದಾಟಿಸುತ್ತೇವೆ. ಅದು ಪೂರ್ತಿ ದಾಟಿತೋ ಇಲ್ಲವೋ, ಒಳಗೆ ಅಳು ಶುರುವಾಗುತ್ತದೆ.

ಅದಕ್ಕೇ ನಾವು ಊರಿಗೆ ಬೇಕು, ನಮ್ಮ ಮುಖ ಬೇಡ. ಜಾಕಿಗಾಡಿ ತಳ್ಳಿಕೊಂಡು ಬೀದಿಯಲ್ಲಿ ಹೊರಟರೆ ಜಗಲಿಯ ಮೇಲೆ ಕೂತ ಮುದುಕರನ್ನು ಒಳಗೆ ಕರೆದುಕೊಳ್ಳುತ್ತಾರೆ. ಮದುವೆ ಮನೆಯ ಮುಂದೆ ಹಾಯುವಂತಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೇಷ್ಟ್ರ ತಾಯಿಯ ಕೋಣೆಯಿಂದ ಯಂತ್ರ ತೆಗೆದವನು ಅಪ್ಪ. ಮೇಷ್ಟ್ರೇ ಕೈ ಮುಗಿದು ಕರೆದುಕೊಂಡು ಹೋಗಿದ್ದರು. ಮರುದಿನದಿಂದ ಅವರಿಗೆ ನನ್ನ ಮುಖ ನೋಡಲಾಗಲಿಲ್ಲ. ಬಾಗಿಲಾಚೆ ಕೂತು ಪಾಠ ಕೇಳು ಅಂದರು. ಒಂದು ವಾರ ಕೂತೆ. ಎಂಟನೆಯ ದಿನ ಪುಸ್ತಕದ ಚೀಲವನ್ನು ಅಲ್ಲೇ ಬಿಟ್ಟು ಅಪ್ಪನ ಹಿಂದೆ ಹೋದೆ. ನನ್ನ ಓದು ಅಲ್ಲಿಗೆ ಮುಗಿಯಿತು. ಸಿಟ್ಟು ಅಲ್ಲಿಂದ ಶುರುವಾಯಿತೋ, ಮೊದಲೇ ಇತ್ತೋ, ಹೇಳಲಾರೆ.

ಅಪ್ಪನಿಗೆ ಸಿಟ್ಟು ಇರಲಿಲ್ಲ. ಅವನಿಗೆ ಇದ್ದದ್ದು ಕೆಲಸ. ಯಂತ್ರದ ಹೊಟ್ಟೆಯೊಳಗೆ ಒಂದು ತೂಗುಗುಂಡು ಇರುತ್ತದೆ. ಯಂತ್ರ ಅಲುಗಾಡಿದರೆ ಅದು ಸುತ್ತಲಿನ ಬಳೆಗೆ ತಾಗಿ ಖಟ್ಟೆಂದು ಸದ್ದಾಗುತ್ತದೆ. ದಾಟಿಸುವಾಗ ಹಾಗೆ ಸದ್ದಾದರೆ ಮಂಚದ ಮೇಲಿನವರು ಕಣ್ಣು ಬಿಟ್ಟು, ಚೀರಿ ಹೋಗುತ್ತಾರೆ. ಆಗದಿದ್ದರೆ ನಿದ್ದೆಗೆ ಜಾರಿದಂತೆ ಹೋಗುತ್ತಾರೆ. ಮೂವತ್ತು ವರ್ಷದಲ್ಲಿ ಅಪ್ಪನ ಕೈಯಲ್ಲಿ ಖಟ್ಟೆಂದದ್ದು ಮೂರೇ ಸಲ. ಆ ಮೂವರ ಹೆಸರನ್ನೂ ಅವನು ಹೇಳುತ್ತಿದ್ದ. ಅವನು ಜಾಕಿಗಾಡಿಯ ಗಾಲಿಗೆ ರಬ್ಬರು ಸುತ್ತಿದ್ದ, ಪೆಡಲ್‌ಗೆ ಬಟ್ಟೆ ಕಟ್ಟಿದ್ದ. ಕೋಣೆಯೊಳಗೇ ನಾಲ್ಕು ಅಡಿ ಸರಿಸುವುದಾದರೆ ಗಾಡಿಯನ್ನೂ ತರುತ್ತಿರಲಿಲ್ಲ. ಉಣ್ಣೆಯ ಕಂಬಳಿಯಿಂದ ಹೊಲಿದ ನಾಲ್ಕು ಬಟ್ಟಲುಗಳಿದ್ದವು. ಅವನ್ನು ಯಂತ್ರದ ಪಾದಗಳಿಗೆ ತೊಡಿಸಿ ಒಂದು ಬೆರಳಿನಿಂದ ತಳ್ಳಿದಂತೆ ತಳ್ಳುತ್ತಿದ್ದ. “ಹೆಣ ಹೊರೋನು ಎಂಗಾದ್ರೂ ಹೊರಬೋದು ಕಣ್ಲಾ ದ್ಯಾವ. ನಾವು ಹೊರೋದು ಇನ್ನೂ ಉಸಿರಾಡೋರ ಹೊರೆಯ” ಅನ್ನುತ್ತಿದ್ದ.

ಮೆಟ್ಟಿಲಿಂದ ಬಿದ್ದ ಮೇಲೆ ಅವನ ಎರಡು ಪಕ್ಕೆಲುಬು ಒಳಕ್ಕೆ ಬಾಗಿದವು. ಡಾಕ್ಟರು ನೋಡಿದರು, ಪಟ್ಟಿ ಸುತ್ತಿದರು, ಹೊರಗೆ ಕರೆದು, “ಉಸಿರು ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಆಗುತ್ತೆ. ನಿಮ್ಮ ಕೇರಿಯಲ್ಲಿ ಯಾರ ಮನೇಲಾದ್ರೂ ಮಿಷನ್ ಇದ್ಯಾ?” ಎಂದರು. ಕೇಳಿದ ಮೇಲೆ ಅವರಿಗೇ ನಾಚಿಕೆಯಾಗಿ ಕನ್ನಡಕ ಒರೆಸಿಕೊಂಡರು. ನಮ್ಮ ಕೇರಿಯಲ್ಲಿ ಯಂತ್ರ ಎಲ್ಲಿಂದ ಬರಬೇಕು? ಊರಿನ ಮೂವತ್ತೆರಡನ್ನೂ ನಮ್ಮವರೇ ಹೊತ್ತವರು, ಒಂದಾದರೂ ನಮ್ಮ ಹೊಸ್ತಿಲ ಒಳಗೆ ಬಂದದ್ದಿಲ್ಲ.

ಮೂರು ತಿಂಗಳು ಕಳೆಯಿತು. ಅಪ್ಪ ಎರಡು ಮಾತಾಡಿದರೆ ನಡುವೆ ಒಂದು ಸಲ ನಿಲ್ಲಬೇಕಾಗುತ್ತಿತ್ತು. ಪಕ್ಕದ ಮನೆಯ ಸಾಕವ್ವ ದಿನಕ್ಕೆರಡು ಸಲ ಬಂದು ಅವನ ಬಾಯಿಗೆ ಗಂಜಿ ಹಾಕುತ್ತಿದ್ದಳು. ಆಗ ಒಂದು ಬೆಳಗ್ಗೆ ಸಂಪಂಗಪ್ಪ ನಮ್ಮ ಕೇರಿಗೆ ಬಂದ. ಕೇರಿಯೊಳಗಲ್ಲ, ಕೇರಿ ಶುರುವಾಗುವ ಹುಣಸೆಮರದವರೆಗೆ. ಅಲ್ಲಿಂದ ಕರೆದ.

“ನಮ್ಮಮ್ಮಂದು ಆಯ್ತು ಕಣಯ್ಯ” ಅಂದ. “ಹನ್ನೊಂದು ವರ್ಷ ನೋಡಿಕೊಂಡೆ. ಬೆನ್ನೆಲ್ಲ ಹುಣ್ಣಾಗಿದೆ. ತೆಗೆಸು ತೆಗೆಸು ಅಂತ ಹಗಲೂ ರಾತ್ರಿ ಕೂಗ್ತಾಳೆ. ನಾಳೆ ಬಂದು ತೆಗೆದುಬಿಡು.”

“ಬತ್ತೀನಿ” ಅಂದೆ. “ತೆಗೆದ ಮಿಷನ್ನ ನಮ್ಮನೆಗೆ ತಗೊಂಡೋಯ್ತೀನಿ. ನಮ್ಮಪ್ಪನ್ ಪಕ್ಕ ಇಡಬೇಕು.”

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ನಕ್ಕ. “ನಿಮ್ಮ ಮನೆಗಾ? ಏನ್ ಮಾತಾಡ್ತಿದೀಯ?”

“ನಿಮ್ಮನೇಲಿ ಎರಡು ಅವೆ. ಒಂದ್ರಲ್ಲಿ ನಿಮ್ ಮಕ್ಕಳು ಆಡ್ತಾವೆ. ಆ ಆಡೋದ್ನ ಹತ್ತಿಸಾಕೋಗೇ ನಮ್ಮಪ್ಪ ಬಿದ್ದಿದ್ದು.”

“ಅದು ಅವನ ಹಣೆಬರಹ. ಯಂತ್ರ ನಮ್ಮ ತಾತನ ಕಾಲದ್ದು ಕಣೋ. ನಿಮ್ಮ ಕೇರಿಗೆ ಹೋಗಿ ಬಂತು ಅಂದ್ರೆ ನಾಳೆ ಅದನ್ನ ನಮ್ಮ ಹಜಾರದಲ್ಲಿ ಇಟ್ಕೊಳ್ಳೋದಾ?”

“ಹಂಗಾದ್ರೆ ನಿಮ್ಮಮ್ಮ ಇನ್ನೊಂದ್ ಹನ್ನೊಂದು ವರ್ಷ ಕೂಗ್ಲಿ ಬಿಡಿ” ಅಂದು ತಿರುಗಿ ನಡೆದೆ. ಊರಿನಲ್ಲಿ ಈ ಕಸುಬಿನ ಬೇರೆ ಮನೆ ಉಳಿದಿರಲಿಲ್ಲ. ಇದ್ದವರು ಒಬ್ಬೊಬ್ಬರೇ ಊರು ಬಿಟ್ಟು, ಎಲ್ಲೋ ಮುಖ ನೋಡಿ ಮಾತಾಡಿಸುವ ಕಡೆ ಹೋಗಿದ್ದರು. ಎಷ್ಟು ದಿನ ತಡೆಯುತ್ತಾನೆ, ನೋಡೋಣ ಅಂದುಕೊಂಡೆ. ಆವತ್ತು ನನಗೆ ಸಂತೋಷವಾಗಿತ್ತು. ಒಬ್ಬ ಮುದುಕಿಯ ನೋವು ನನ್ನ ಜೇಬಿನಲ್ಲಿದೆ, ಕೊಡುವುದೂ ಬಿಡುವುದೂ ನನಗೆ ಸೇರಿದ್ದು ಎಂದು ಸಂತೋಷ.

ಅವನು ತಡೆಯಲಿಲ್ಲ. ಆದರೆ ನನ್ನ ಬಳಿಗೆ ಬರಲೂ ಇಲ್ಲ. ಮೂರನೆಯ ದಿನ ಬಾಮೈದನನ್ನೂ ಇಬ್ಬರು ನೆರೆಯವರನ್ನೂ ಕರೆದು ತಾನೇ ಸೊಂಟ ಕಟ್ಟಿ ನಿಂತ. ನಾಲ್ಕು ಗಂಡಸರಿದ್ದಾರೆ, ಒಂದು ಪೆಟ್ಟಿಗೆ ಎತ್ತಲಾರೆವಾ ಅಂದುಕೊಂಡರು. ಕಾಲು ಬಿಚ್ಚಲಿಲ್ಲ, ತಲೆ ಮಡಚಲಿಲ್ಲ. ಎತ್ತಿ ಓರೆ ಮಾಡಿ ಬಾಗಿಲಿಗೆ ನುಗ್ಗಿಸಿದರು. ಮುಂದಿನ ಒಂದು ಕಾಲು ಆಚೆ ಕಡೆ ಬಾಗಿಲುವಾಡಕ್ಕೆ ಕೊಕ್ಕೆಯಂತೆ ಸಿಕ್ಕಿತು, ತಲೆಪೆಟ್ಟಿಗೆ ಈಚೆ ಮೇಲಿನ ಪಟ್ಟಿಗೆ ಸಿಕ್ಕಿತು. ಅರ್ಧ ಯಂತ್ರ ಕೋಣೆಯೊಳಗೆ, ಅರ್ಧ ಹಜಾರದಲ್ಲಿ. ಎಳೆದರೆ ಬರುವುದಿಲ್ಲ, ತಳ್ಳಿದರೆ ಹೋಗುವುದಿಲ್ಲ. ಹೀಗೆ ಎರಡು ದಿನ.

ಎರಡನೆಯ ದಿನ ಮಧ್ಯಾಹ್ನ ಸಂಪಂಗಪ್ಪನ ಹೆಂಡತಿ ಲಲಿತಮ್ಮ ನಮ್ಮ ಮನೆಯ ಬಾಗಿಲಿಗೇ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಬಾರಪ್ಪ, ನಿನ್ನ ದಮ್ಮಯ್ಯ. ಅತ್ತೆ ಒಂದು ಉಸಿರು ತಗೋತಾರೆ, ಆಮೇಲೆ ನಿಂತುಹೋಗುತ್ತೆ. ಹೋದ್ರು ಅಂತ ನಾವು ಅಳೋಕೆ ಶುರು ಮಾಡಿದ್ರೆ ಮತ್ತೆ ಒಂದು ಉಸಿರು ಬರುತ್ತೆ. ಎರಡು ದಿನದಿಂದ ಹಿಂಗೇ. ಯಂತ್ರ ನೀನೇ ತಗೊಂಡು ಹೋಗು, ಅವರೂ ಒಪ್ಪಿದಾರೆ.”

ಸಾಕವ್ವ ಗಂಜಿ ಬಟ್ಟಲು ಕೆಳಗಿಟ್ಟು, “ಒಪ್ಪದೆ ಏನ್ಮಾಡ್ತಾರೆ ತಾಯಿ, ಬಾಗ್ಲಲ್ಲಿ ಅದು, ನಡುವಲ್ಲಿ ಅವ್ರು” ಅಂದಳು. ಅಪ್ಪ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆ ಎಂದುಕೊಂಡು ನಾನು ಗಾಡಿ ಹೊರಗೆ ತೆಗೆದೆ.

ಸಂಪಂಗಪ್ಪ ಹಜಾರದಲ್ಲಿ ಕೂತಿದ್ದ. ಬಾಮೈದನ ಬೆರಳಿಗೆ ಬಟ್ಟೆ ಸುತ್ತಿತ್ತು. ನಾನು ಯಂತ್ರದ ಕಾಲುಗಳ ನಡುವೆ ತೆವಳಿಕೊಂಡು ಕೋಣೆಯೊಳಗೆ ಹೋದೆ. ಗಾಡಿಯನ್ನು ತಗ್ಗಿಸಿ ಹಿಂದೆಯೇ ಎಳೆದುಕೊಂಡೆ. ಯಂತ್ರ ಬಾಗಿಲನ್ನು ತುಂಬಿಕೊಂಡಿದ್ದರಿಂದ ಒಳಗೆ ನಾನೂ ಸಂಪಂಗಪ್ಪನ ತಾಯಿ ಅಮ್ಮಣ್ಣಮ್ಮನೂ ಇಬ್ಬರೇ. ಕೋಣೆಯಲ್ಲಿ ಹುಣ್ಣಿನ ವಾಸನೆ, ಅದರ ಮೇಲೆ ಊದುಬತ್ತಿಯ ವಾಸನೆ. ಮಂಚದ ಮೇಲೆ ಒಂದು ಹಿಡಿಯಷ್ಟು ಹೆಂಗಸು.

“ಯಾರು? ಚಲುವಯ್ಯನ ಮಗನಾ?”

“ಹೂಂ ಅಮ್ಮಾರೇ.”

ಉಸಿರು ನಿಂತಿತು. ನಾನು ಸ್ಪ್ಯಾನರ್ ಹಿಡಿದು ಕಾದೆ. ಬಹಳ ಹೊತ್ತಾದ ಮೇಲೆ ಬಂತು.

“ಅವನ್ಯಾಕೆ ಬರಲಿಲ್ಲ?”

“ನಿಮ್ಮನೆ ಮೆಟ್ಲಿಂದ ಬಿದ್ದೋನು ಇನ್ನೂ ಎದ್ದಿಲ್ಲ.”

“ನನಗೆ ಯಾರೂ ಹೇಳಲಿಲ್ಲ.”

“ನಿಮಗ್ ಹೇಳಿದ್ರೆ ಏನಾಗ್ತಿತ್ತು?”

ಅವಳು ನಕ್ಕಳು. ನಗುವುದಕ್ಕೆ ಉಸಿರಿರಲಿಲ್ಲ, ಮುಖ ಮಾತ್ರ ನಕ್ಕಿತು. “ಏನೂ ಆಗ್ತಿರಲಿಲ್ಲ. ಹನ್ನೊಂದು ವರ್ಷದಿಂದ ಈ ಡಬ್ಬದ ಮೇಲೆ ಬರೆದಿರೋ ಕುದುರೆ ಸವಾರಿ ಹೆಂಗಸಿನ ಮುಖ ನೋಡ್ತಾ ಬಿದ್ದಿದೀನಿ. ನಾನು ಹೇಳಿದ್ದನ್ನ ಕೇಳಿದೋಳು ಅವಳೊಬ್ಬಳೇ.”

ನಾನು ಗಾಡಿಯನ್ನು ಹೊಟ್ಟೆಯಡಿಗೆ ಸೇರಿಸಿ ಪೆಡಲ್ ತುಳಿದೆ. ಭಾರ ಗಾಡಿಗೆ ಬಂತು. ಈಚೆಯ ಕಾಲುಗಳನ್ನು ಬಿಚ್ಚಿ, ಕೈ ಚಾಚಿ ಆಚೆಯವನ್ನೂ ಬಿಚ್ಚಿದೆ. ತಲೆಪೆಟ್ಟಿಗೆಯನ್ನು ಸ್ವಲ್ಪ ಸ್ವಲ್ಪವೇ ಮೇಲಿನ ಪಟ್ಟಿಯಿಂದ ಬಿಡಿಸಿ ಮಡಚಿ ಬೆಲ್ಟು ಬಿಗಿದೆ. ಈಗ ಯಂತ್ರ ಎತ್ತ ಬೇಕಾದರೂ ಹೋಗುತ್ತಿತ್ತು.

“ಇದು ನಿಮ್ಮ ಮನೆಗೇ ಹೋಗುತ್ತಂತೆ?” ಅಂದಳು.

“ಹೋಯ್ತದೆ.”

“ಚಲುವಯ್ಯ ಕೇಳಿದನಾ, ಬೇಕು ಅಂತ?”

“ಅವನ್ನೇನು ಕೇಳೋದು? ಸಾಯ್ತಾ ಬಿದ್ದವ್ನೆ.”

“ಹೂಂ. ನನ್ನ ಮಗನೂ ಹಿಂಗೇ ಅಂದಿದ್ದ, ಹನ್ನೊಂದು ವರ್ಷದ ಕೆಳಗೆ. ನಾನು ಇಲ್ಲೇ ಮಲಗಿ ಕೇಳಿಸ್ಕೊಂಡೆ.” ಮತ್ತೆ ನಿಂತಿತು. ಈ ಸಲ ಬಂದಾಗ ಅದು ಮಾತಿಗೆ ಸಾಕಾಗುವಷ್ಟೇ ಇತ್ತು. “ತೆಗಿಯಪ್ಪ.”

ನಿಜ ಹೇಳುತ್ತೇನೆ. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ನಾನು ಒಂದೇ ಯೋಚಿಸಿದ್ದೆ. ದಾಟಿಸುವಾಗ ಒಂದು ಸಲ ಜೋರಾಗಿ ಅಲುಗಿಸಬೇಕು, ಖಟ್ಟೆನ್ನಬೇಕು, ಈ ಮನೆಯವಳು ಚೀರಿಕೊಂಡು ಹೋಗಬೇಕು, ಸಂಪಂಗಪ್ಪ ಅದನ್ನು ಸಾಯುವವರೆಗೂ ಕೇಳಿಸಿಕೊಳ್ಳುತ್ತಿರಬೇಕು. ಗಾಡಿ ಕೈಗೆ ಬಂದ ಮೇಲೆ ಆಗಲಿಲ್ಲ. ಕೈ ಅಪ್ಪನಿಂದ ಕಲಿತದ್ದನ್ನೇ ಮಾಡಿತು. ಯಂತ್ರ ಹೊಸ್ತಿಲ ಮೇಲೆ ಏರಿ ಇಳಿದದ್ದು ನನಗೇ ಗೊತ್ತಾಗಲಿಲ್ಲ. ಹಿಂದೆ ಏನೂ ಸದ್ದಿಲ್ಲ. ತಿರುಗಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ನನ್ನನ್ನು ದಾಟಿ ಲಲಿತಮ್ಮ ಒಳಗೆ ಓಡಿದಳು, ಅಳು ಎದ್ದಿತು.

ಸಂಪಂಗಪ್ಪ ಮುಖ ಮುಚ್ಚಿಕೊಂಡೇ, “ಹಿತ್ತಲ ಬಾಗಿಲಿಂದ ಒಯ್ಯಿ” ಅಂದ. ನಾನು ಮುಂಬಾಗಿಲಿಂದ ಒಯ್ದೆ.

ಊರ ಬೀದಿಯಲ್ಲಿ ನಡು ಮಧ್ಯಾಹ್ನ ನಾನೊಬ್ಬನೇ ಯಂತ್ರ ತಳ್ಳಿಕೊಂಡು ಹೊರಟೆ. ಬಾಗಿಲುಗಳು ಮುಚ್ಚಿದವು. ಮುಚ್ಚಲಿ. ಕಿಟಕಿಗಳ ಹಿಂದಿನಿಂದ ನೋಡಿದವರಿಗೆ ಅದು ಯಾರ ಮನೆಯದು, ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗಲಿ ಎಂದೇ ನಿಧಾನವಾಗಿ ತಳ್ಳಿದೆ. ಹುಣಸೆಮರ ದಾಟಿದಾಗ ನಮ್ಮ ಕೇರಿಯ ಹೆಂಗಸರು, ಮಕ್ಕಳು ಹೊರಗೆ ಬಂದು ನಿಂತರು. ಒಬ್ಬ ಮುದುಕ ಮುಂದೆ ಬಂದು ಯಂತ್ರದ ಪಕ್ಕವನ್ನು, ಕಟ್ಟಿದ ಎಮ್ಮೆಯ ಪಕ್ಕ ಸವರುವಂತೆ ಸವರಿದ.

ನಮ್ಮ ಮನೆಗೆ ಒಂದೇ ಕೋಣೆ, ಒಂದು ಮೊಳ ಅಗಲದ ಬಾಗಿಲು. ಗಾಡಿ ಅದರಲ್ಲಿ ಹಿಡಿಸುವುದಿಲ್ಲ. ನಾನು ಹಾರೆ ತಂದೆ. ಮೊದಲ ಏಟಿಗೆ ಒಳಗಿನಿಂದ ಅಪ್ಪ ಕೂಗಿದ. ಮೂರು ತಿಂಗಳಲ್ಲಿ ಅವನ ಗಂಟಲಿಂದ ಅಷ್ಟು ದೊಡ್ಡ ಸದ್ದು ಬಂದಿರಲಿಲ್ಲ.

“ಏನ್ಲಾ ಅದು?”

“ಮಿಷನ್ನು.”

“ಯಾರ್ಗೆ?”

“ನಿಂಗೇ.”

“ಒಳೀಕ್ ತರಬ್ಯಾಡ” ಅಂದ. ನಿಂತು, ಉಸಿರು ಹುಡುಕಿ, ಮತ್ತೆ ಅಂದ. “ಮೂವತ್ತೊರ್ಸದಿಂದ ನೋಡಿವ್ನಿ. ಅದನ್ನ ಆಚಿಕ್ ತೆಗೀರಿ ಅಂತ ಮಂಚದ್ಮ್ಯಾಲಿಂದ ಕೈ ಮುಗ್ದೋರು ಎಷ್ಟೋ ಜನ. ಒಳೀಕ್ ತನ್ನಿ ಅಂತ ಮುಗ್ದೋರು ಒಬ್ರೂ ಇಲ್ಲ. ಅಂಗನ್ನೋರು ಬಾಗ್ಲಾಗ್ ನಿಂತಿರ್ತಾರೆ. ಈಗ ನೀ ನಿಂತಿದ್ದೀಯಲ್ಲ, ಅಲ್ಲಿ.”

“ನೀನ್ ಹೋದ್ರೆ ಸಂಪಂಗಪ್ಪ ಗೆದ್ದಂಗೆ!” ಅಂತ ಕಿರುಚಿದೆ.

“ನಾನ್ ಸತ್ರೆ ಅವ್ನ್ಯಾಕ್ಲಾ ಗೆಲ್ತಾನೆ? ಅವನ್ಗೆ ನನ್ ಗ್ಯಾಪ್ಕ ಎಲ್ಲೈತೆ?”

ಹಾರೆಯಿಂದ ಬಾಗಿಲುವಾಡ ಕಿತ್ತೆ, ಗೋಡೆಯ ಮಣ್ಣು ಒಂದು ಮೊಳ ಉದುರಿಸಿದೆ. ಅಪ್ಪ ಎದ್ದು ತಡೆಯಲಾರದೆ ಒಂದು ಕೈ ಮೇಲೆತ್ತಿ ಹಿಡಿದಿದ್ದ. ಗಾಡಿ ಒಳಗೆ ಬಂದ ಮೇಲೆ ಕೈ ಇಳಿಸಿದ. ಯಂತ್ರಕ್ಕೆ ಕಾಲುಗಳನ್ನು ಮತ್ತೆ ಬಿಗಿದೆ. ನೆಲ ಉಬ್ಬುತಗ್ಗಾಗಿತ್ತು, ಕಾಲಿನ ಕೆಳಗೆ ಮರದ ಚೂರು ಕೊಟ್ಟು, ಮೇಲೆ ರಸಮಟ್ಟ ಇಟ್ಟು, ಅದರ ನೀರುಗುಳ್ಳೆ ನಡುವೆ ನಿಲ್ಲುವವರೆಗೆ ಸರಿ ಮಾಡಿದೆ. ಅಪ್ಪನ ಮಂಚಕ್ಕೂ ಯಂತ್ರಕ್ಕೂ ನಡುವೆ ನಾನು ಅಡ್ಡ ತಿರುಗಿ ಹೋಗುವಷ್ಟು ಜಾಗ ಉಳಿಯಿತು. ಒಲೆ ಹೊರಗೆ ಹಾಕಬೇಕಾಯಿತು.

ಅಪ್ಪ ಸಾಯಲಿಲ್ಲ.

ಮೊದಲ ವಾರ ಕೇರಿಗೆ ಹಬ್ಬ. ದಿನಾ ಯಾರಾದರೂ ಬಂದು ನೋಡಿದರು. ಹುಡುಗರು ಸಾಲು ನಿಂತು ಆಡಿದರು, ಗುಂಡು ಗಂಟೆಗಳಿಗೆ ಬಡಿದು ಮನೆ ತುಂಬ ಸದ್ದು. ಕೇರಿಗೂ ಒಂದು ಬಂತು ಅಂದರು. ನನ್ನ ಬೆನ್ನು ತಟ್ಟಿದರು. ಸಂಪಂಗಪ್ಪನ ಹತ್ತಿರ ಕಿತ್ತುಕೊಂಡು ಬಂದವನು ಅಂದರು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಆಡಿದ ಸದ್ದಿಗೆ ಅವನ ಪಕ್ಕೆ ನಡುಗುತ್ತದೆ ಎಂದು ನಾನು ಗುಂಡು ತೆಗೆದಿಟ್ಟೆ. ಆಮೇಲೆ ಜನ ಬರುವುದು ನಿಂತಿತು.

ಸಾಯದಿದ್ದರೆ ಗುಣವಾಯಿತು ಎಂದಲ್ಲ. ಇದು ಊರಿಗೆಲ್ಲ ಗೊತ್ತಿದ್ದದ್ದೇ, ನನಗೂ ಗೊತ್ತಿತ್ತು. ಪಕ್ಕೆಲುಬು ದಿನಾ ಒಳಗೇ ಚುಚ್ಚಿತು. ಒಂದು ತಿಂಗಳಿಗೆ ಮಾತು ನಿಂತು ಗೊರಗೊರ ಉಳಿಯಿತು, ಎರಡು ತಿಂಗಳಿಗೆ ಬೆನ್ನಿನ ಚರ್ಮ ಹಾಸಿಗೆಗೆ ಅಂಟತೊಡಗಿತು. ನೀರು ಕುಡಿದರೂ ಕೆಮ್ಮು, ಕೆಮ್ಮಿದರೆ ಮೈ ಬಿಲ್ಲಿನಂತೆ ಎದ್ದು ಬೀಳುತ್ತಿತ್ತು. ಹಾಗೆ ಎದ್ದಾಗಲೆಲ್ಲ ಬೇರೆ ಯಾರೇ ಆದರೂ ಹೋಗಿಬಿಡುತ್ತಿದ್ದರು. ಅವನು ಮತ್ತೆ ಬಂದು ಬೀಳುತ್ತಿದ್ದ.

“ಲೋ ದ್ಯಾವ” ಅಂದಳು ಸಾಕವ್ವ ಒಂದು ದಿನ, ಅವನ ಬೆನ್ನು ಒರೆಸುತ್ತ. “ನನ್ ಗಂಡ ಸಾಯೋವಾಗ ನಿಮ್ಮಪ್ಪನ್ ಕೈಲೂ ಏನೂ ಆಗ್ಲಿಲ್ಲ. ಮಿಷನ್ ಇರ್ಲಿಲ್ವಲ್ಲ, ಅವ್ನು ಒಂದ್ ರಾತ್ರೀಲಿ ಹೋದ. ಆಗ ಎದೆ ಬಡ್ಕಂಡೆ. ಈಗ ನೋಡಿದ್ರೆ ನಾನೇ ಪುಣ್ಯವಂತೆ ಅನ್ನಿಸ್ತದೆ.”

“ಮುಚ್ಕೊಂಡ್ ಒರ್ಸು.”

“ಒರ್ಸ್ತೀನಿ ಕಣಪ್ಪ. ನಾನ್ ಒರ್ಸ್ತೀನಿ. ನೀನ್ ಸಂಪಂಗಪ್ಪನ ಹಂಗೆ ಬಾಗ್ಲಲ್ಲೇ ನಿಂತ್ಕೊ.”

ಅವಳನ್ನು ಮನೆಯಿಂದ ಓಡಿಸಿದೆ. ಸಂಜೆ ಮತ್ತೆ ಗಂಜಿ ತಂದಳು. ಆ ಮಾತು ಮಾತ್ರ ಹೋಗಲಿಲ್ಲ. ಯಾರಿಗಾದರೂ ಬೈದು ಅದನ್ನು ತೊಳೆದುಕೊಳ್ಳೋಣ ಎಂದರೆ ಬೈಯಲು ಯಾರೂ ಸಿಗಲಿಲ್ಲ. ಸಂಪಂಗಪ್ಪ ತಾಯಿಯ ತಿಥಿ ಮುಗಿಸಿ ಆ ಕೋಣೆಗೆ ಸುಣ್ಣ ಬಳಿಸಿದ್ದ. ದಾರಿಯಲ್ಲಿ ಎದುರಾದರೆ ಈಗ ನನಗೆ ತಲೆಯಾಡಿಸುತ್ತಿದ್ದ, ತನ್ನಂಥವನೇ ಇನ್ನೊಬ್ಬನಿಗೆ ಆಡಿಸಿದ ಹಾಗೆ.

ಮೊನ್ನೆ ಬೆಳಿಗ್ಗೆ ಅಪ್ಪ ಕೈ ಎತ್ತಿ ಮೂಲೆ ತೋರಿಸಿದ. ಅಲ್ಲಿ ಜಾಕಿಗಾಡಿ ಇತ್ತು. ಅವನ ಗಂಟಲಲ್ಲಿ ಮಾತಿರಲಿಲ್ಲ, ಆದರೆ ಆವತ್ತು ಎಲ್ಲಿಂದಲೋ ನಾಲ್ಕಾರು ಕೂಡಿಸಿಕೊಂಡಿದ್ದ. “ತಕ್ಕೋ” ಅಂದ. “ನಾ ಹೇಳ್ಕೊಡ್ತೀನಿ.”

“ನಂಗ್ ಬತ್ತದೆ.”

“ಬರಾಕಿಲ್ಲ. ಒಬ್ನೇ ಮಾಡಿದ್ದು ಒಂದೇ ಸಲ.”

ನಾನು ಎದ್ದೆ. ಬಾಗಿಲು ತೆರೆದೇ ಇತ್ತು, ಕಿತ್ತ ಮೇಲೆ ಅದಕ್ಕೆ ಕದ ಎಲ್ಲಿದೆ. ಹೊರಗೆ ಬಿಸಿಲು. ಗಾಜು ಸರಿಸಿ ಒಳಗೆ ಒಂದೂ ಗುಂಡಿಲ್ಲ ಎಂದು ನೋಡಿದೆ. ತಲೆಪೆಟ್ಟಿಗೆ ಮಡಚಿದೆ. ಅಪ್ಪ ಕಣ್ಣಲ್ಲೇ ಕಂಬಳಿ ತೋರಿಸಿದ, ನಡುವೆ ಇಟ್ಟೆ. ಬೆಲ್ಟಿನ ಗಂಟನ್ನು ನೋಡಿ ತಲೆ ಅಲ್ಲಾಡಿಸಿದ, ಬಿಚ್ಚಿ ಇನ್ನೊಂದು ಸಲ ಹಾಕಿದೆ. ಗಾಡಿ ಸೇರಿಸಿ ತುಳಿದೆ. “ಮೆತ್ಗೆ” ಅಂದ. ಮೆತ್ತಗೆ ತುಳಿದೆ. ಯಂತ್ರ ಮರದ ಚೂರುಗಳನ್ನು ಬಿಟ್ಟು ಮೇಲೇಳುವಾಗ ಅವನ ಮುಖದಲ್ಲಿ ನೋವು ಕಾಣಲಿಲ್ಲ. ಕೆಲಸ ನೋಡುವ ಮುಖ ಇತ್ತು. ನಾನು ಚಿಕ್ಕವನಿದ್ದಾಗ ನೋಡಿದ್ದ ಮುಖ. “ಹಿಂದಿಂದು ಮೊದ್ಲು” ಅಂದ. ಹಿಂದಿನ ಎರಡು ಕಾಲು ಬಿಚ್ಚಿದೆ, ಆಮೇಲೆ ಮುಂದಿನವು. ಕಾಲಿಗೆ ಎರಡು ಬೋಲ್ಟು. ಎಂಟನ್ನೂ ಅವನ ಹಾಸಿಗೆಯ ಅಂಚಿಗೆ ಸಾಲಾಗಿ ಇಟ್ಟೆ. ಅವನು ಬೆರಳಿನಿಂದ ಒಂದೊಂದೇ ಮುಟ್ಟಿ ಎಣಿಸಿದ.

“ಚೆಂದಾಗ್ ಮಾಡ್ದೆ” ಅಂದ. ಇಷ್ಟು ವರ್ಷದಲ್ಲಿ ಒಂದು ಸಲವೂ ಅಂದಿರಲಿಲ್ಲ. ಆಮೇಲೆ ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡು, ಕಾದ.

ನಾಲ್ಕು ಹೆಜ್ಜೆ ತಳ್ಳಬೇಕು. ಗಾಡಿಯ ಹಿಡಿ ನನ್ನ ಕೈಯಲ್ಲಿತ್ತು. ಕೇರಿಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಅಪ್ಪನ ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಅವನು ಹೋದರೆ ನಾನು ಯಾರ ಮೇಲೆ ಸಿಟ್ಟು ಮಾಡಿಕೊಂಡು ಬದುಕಲಿ ಎಂದು ಯೋಚಿಸಿದೆ. ಮೆಟ್ಟಿಲಿನ ಮೇಲೆ ಟ್ರಾಲಿ ಹಿಡಿದಿದ್ದ ಈ ಕೈಗಳ ಬಗ್ಗೆ ಯೋಚಿಸಿದೆ. ಒಂದು ಸಲ ಬಿಟ್ಟವು. ಅಂಗಳದ ನೆರಳು ಗೋಡೆಯಿಂದ ಬಾಗಿಲಿಗೆ ಬಂದಿತ್ತು.

ಹಾಸಿಗೆಯ ಅಂಚಿನಿಂದ ಬೋಲ್ಟು ತೆಗೆದುಕೊಂಡೆ. ಸದ್ದಾಗದಂತೆ ಒಂದು ಕಾಲನ್ನು ಯಂತ್ರಕ್ಕೆ ಆನಿಸಿ, ಮೊದಲನೆಯದನ್ನು ತಿರುಗಿಸಿದೆ. ಎರಡನೆಯದನ್ನು ತಿರುಗಿಸಿದೆ. ಬಿಚ್ಚುವ ಸದ್ದು ಯಾವುದು, ಬಿಗಿಯುವ ಸದ್ದು ಯಾವುದು ಎಂದು ಅಪ್ಪನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರನೆಯದಕ್ಕೆ ಅವನು ಕಣ್ಣು ತೆರೆದ. ನನ್ನನ್ನೇ ನೋಡಿದ. ನಾನು ನಾಲ್ಕನೆಯದಕ್ಕೆ ಕೈ ಚಾಚಿದೆ.